ಲಿಂಗೈಕ್ಯವೂ ಕಣ್ಣೀರೂ

ಹುಟ್ಟಿದ ಜೀವಿಗೆ ಸಾವು ತಪ್ಪಿದ್ದಲ್ಲವೆಂಬುದನ್ನು ಅರಿಯದವರಿಲ್ಲ. ಆದರೆ ಅಗಲಿದವರನ್ನು ಕುರಿತು ನಾವು ನಂಬುವುದಕ್ಕೂ ಉಳಿದವರೊಡನೆ ನಡೆದುಕೊಳ್ಳುವುದಕ್ಕೂ ಹೊಂದಿಕೆಯುಂಟೇ ಎಂದು ಕೇಳಿಕೊಳ್ಳುವವರು ವಿರಳ.

ಬಾಸೆಲ್ ನಗರದಲ್ಲಿ 1827ರಲ್ಲಿ ಜನಿಸಿದ ಅರ್ನಾಲ್ಡ್ ಬೋಕ್ಲಿನ್ ಎಂಬ ಚಿತ್ರಕಾರನು 1880ರಿಂದ 1886ರವರೆಗೆ ಒಂದೇ ವಸ್ತುವನ್ನು ಐದು ಬಾರಿ ತೈಲವರ್ಣದಲ್ಲಿ ಚಿತ್ರಿಸಿದನು. ಅಲುಗದ ಕಪ್ಪು ನೀರು. ಕಡಿದಾದ ಬಂಡೆಗಳ ದ್ವೀಪ. ಅದರೊಳಗೆ ಪಾಶ್ಚಾತ್ಯರು ಸ್ಮಶಾನಗಳಲ್ಲಿ ಬೆಳೆಸುವ ಸೈಪ್ರೆಸ್ ಮರಗಳು. ಅತ್ತ ಸಾಗುವ ದೋಣಿಯಲ್ಲಿ ಶವಪೆಟ್ಟಿಗೆ, ಅದರ ಬಳಿ ಬಿಳಿಯ ಬಟ್ಟೆ ಹೊದ್ದು ನಿಂತ ಆಕೃತಿ. ‘ಮೃತರ ದ್ವೀಪ’ವೆಂಬ ಹೆಸರನ್ನು ಚಿತ್ರಕಾರನಿಟ್ಟುದಲ್ಲ, ಚಿತ್ರವ್ಯಾಪಾರಿಯೊಬ್ಬನು 1883ರಲ್ಲಿ ಇಟ್ಟನು. ಮೇರಿ ಬೆರ್ನಾ ಎಂಬ ವಿಧವೆಯು ಬಯಸಿದುದರಿಂದಲೇ ಶವಪೆಟ್ಟಿಗೆಯೂ ಸ್ತ್ರೀಯಾಕೃತಿಯೂ ಚಿತ್ರದೊಳಗೆ ಬಂದುವು. ಆಕೆ ಸ್ವರ್ಗದ ವರ್ಣನೆಯನ್ನು ಬಯಸಲಿಲ್ಲ. ಸತ್ತವನ ಬಳಿ ಉಳಿದವಳಿಗೂ ಒಂದು ಎಡೆಯನ್ನು ಬಯಸಿದಳು.

ನಮ್ಮ ನಾಡೂ ಮೃತ್ಯುವನ್ನು ಸಂಕೇತಗಳಲ್ಲಿ ಕಂಡಿದೆ. ಹಾಸನ ಸೀಮೆಯ ಊರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬೋಕ್ಲಿನನ ದೋಣಿ ದಡ ಸೇರದೆ ನಿಂತಿದೆ. ನಮ್ಮ ಶಿಲ್ಪಿಯ ವೀರನು ಗುರಿ ಮುಟ್ಟಿದ್ದಾನೆ. ಶ್ರದ್ಧೆಯ ದೃಷ್ಟಿಯಿಂದ ಇದು ಹಿರಿದು. ಆದರೆ ವೀರನ ಮಡದಿಯೆಲ್ಲಿ? ಆಕೆ ಕಾಣುವುದು ಮಾಸ್ತಿಕಲ್ಲಿನಲ್ಲಿ, ಕಂಬದಿಂದ ಹೊರಚಾಚಿದ ಬಳೆ ತೊಟ್ಟ ಕೈಯಾಗಿ. ಪತಿಯೊಡನೆ ಮಡಿದವಳ ಬಳೆಗೆ ಶಿಲೆಯಲ್ಲಿ ಗೌರವ. ಬದುಕುಳಿದವಳ ಬಳೆಯನ್ನು ಮಾತ್ರ ಒಡೆದರು.

ವೀರಶೈವ ಧರ್ಮದಲ್ಲಿ ಇದಕ್ಕೆ ಆಧಾರವಿಲ್ಲ. ನಾವು ‘ಸತ್ತನು’ ಎನ್ನುವುದಿಲ್ಲ, ‘ಲಿಂಗೈಕ್ಯನಾದನು’ ಎನ್ನುತ್ತೇವೆ. ದೇಹಕ್ಕೆ ವಿಭೂತಿ ಧರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ. ಪಂಚಸೂತಕಗಳನ್ನು ನಿರಾಕರಿಸುವಾಗ ಪ್ರೇತಸೂತಕವನ್ನೂ ನಿರಾಕರಿಸಿದ್ದೇವೆ. ಶವಕ್ಕೇ ಇಲ್ಲದ ಅಶುಚಿ ಅದರ ಬಳಿ ಅತ್ತವಳಿಗೆ ಎಲ್ಲಿಂದ ಬಂತು? ಪತಿ ಶಿವನಲ್ಲಿ ಒಂದಾದುದು ಮಂಗಳವೆಂದಾದರೆ ಸತಿ ಅಮಂಗಳೆಯಾಗುವುದೆಂತು? ಎರಡರಲ್ಲಿ ಒಂದು ಸುಳ್ಳಾಗಲೇಬೇಕು.

ಇದು ಹಿರಿಯರಿಂದ ಬಂದ ಪದ್ಧತಿಯೆಂದು ಕೆಲವರು ಹೇಳುವರು. ಬಂದುದೆಲ್ಲ ಧರ್ಮವಲ್ಲ, ಇಷ್ಟಲಿಂಗವು ಸ್ತ್ರೀಪುರುಷರಿಬ್ಬರ ಎದೆಯ ಮೇಲೂ ಇದೆ, ಪತಿಯ ಮರಣದಿಂದ ಅದು ಕಳಚುವುದಿಲ್ಲ. ಹಾಗೆಯೇ ‘ಲಿಂಗೈಕ್ಯನಾದವನಿಗಾಗಿ ಅಳಬಾರದು’ ಎಂದು ಗದರಿಸುವುದೂ ತರವಲ್ಲ. ಐಕ್ಯವು ಹೋದವನ ಸ್ಥಿತಿ. ಅಗಲಿಕೆಯು ಇದ್ದವಳ ಸ್ಥಿತಿ. ಒಂದು ಇನ್ನೊಂದನ್ನು ಸುಳ್ಳು ಮಾಡದು.

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬುದು ನಾಣ್ಣುಡಿ. ಮಡಿದವನ ಗುಣ ಮಾತ್ರವಲ್ಲ, ಬಂಧುಗಳ ಗುಣವೂ ಅಂದೇ ಗೋಚರವಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸದ್ಭಕ್ತರೂ ಮಠದಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿಗಳೂ ತಂತಮ್ಮ ಮನೆಯ ಮುಂದಿನ ಮದುವೆಯಲ್ಲಿ ಅಂಥ ತಾಯಿಯನ್ನು ಬಾಗಿಲ ಮರೆಯಲ್ಲಿ ನಿಲ್ಲಿಸದೆ, ಮೊದಲ ಅಕ್ಷತೆಯನ್ನು ಆಕೆಯ ಕೈಯಿಂದಲೇ ಹಾಕಿಸಲಿ. ಲಿಂಗೈಕ್ಯವೆಂಬ ಮಾತು ಆಗ ಸತ್ಯವಾಗುತ್ತದೆ.