ನೆರೆಯವರ ಧರ್ಮದ ಬಗ್ಗೆ ಸತ್ಯವನ್ನೇ ಕಲಿಸೋಣ

"ಮಗಳು ಎಂ.ಎ. ಓದುತ್ತಿದ್ದಾಳೆ ಫಾದರ್. ಇಸ್ಲಾಂ ಧರ್ಮದ ಬಗ್ಗೆ ಒಂದು ವಿಷಯ ಆರಿಸಿಕೊಂಡಿದ್ದಾಳೆ. ಅವಳ ವಿಶ್ವಾಸಕ್ಕೆ ಧಕ್ಕೆ ಬರುವುದಿಲ್ಲವೇ?" ಹೀಗೆ ಕೇಳುವ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಒಂದು ಧರ್ಮವನ್ನು ನಂಬದವನು ಅದನ್ನು ಪ್ರಾಮಾಣಿಕವಾಗಿ ಕಲಿಸಬಲ್ಲನೇ, ಕಲಿಯಬಲ್ಲನೇ?

ಮೊದಲು ಒಂದು ವ್ಯತ್ಯಾಸವನ್ನು ಗಮನಿಸೋಣ. ನಮ್ಮ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುತ್ತೇವೆ. ಮದರಸಾದಲ್ಲಿ ಮುಸ್ಲಿಂ ಮಕ್ಕಳಿಗೆ ಸಿಗುವುದೂ ಅಂಥದೇ ಶಿಕ್ಷಣ. ವಿಶ್ವವಿದ್ಯಾನಿಲಯದ ಕೆಲಸ ಬೇರೆ. ಅಲ್ಲಿ ಕುರಾನು, ಹದೀಸು, ಶರೀಅತ್, ಸೂಫಿ ಪರಂಪರೆ, ಇತಿಹಾಸ ಇವೆಲ್ಲ ಅಧ್ಯಯನದ ವಿಷಯಗಳು. ಅಲಿಗಢದಲ್ಲಿ, ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಅಲ್ಲಿ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ತಿಳಿವಳಿಕೆಯನ್ನು, ಮತಾಂತರವನ್ನಲ್ಲ.

ಶ್ರೀಸಭೆಗೆ ಈ ವಿಷಯ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕ್ಲೂನಿ ಮಠದ ಅಧಿಪತಿ ಪೂಜ್ಯ ಪೇತ್ರರು ಕುರಾನನ್ನು ಲತೀನ್ ಭಾಷೆಗೆ ತರಿಸಿದರು. ಆ ಕೆಲಸ 1143ರಲ್ಲಿ ಮುಗಿಯಿತು. ಅವರ ಉದ್ದೇಶ ಖಂಡನೆಯೇ ಆಗಿತ್ತು, ನಿಜ. ಆದರೂ ಖಂಡಿಸುವ ಮುನ್ನ ಓದಬೇಕು ಎಂಬ ನ್ಯಾಯವನ್ನು ಅವರು ಬಿಡಲಿಲ್ಲ. 1311-12ರ ವಿಯೆನ್ ಮಹಾಸಭೆಯು ಪ್ಯಾರಿಸ್, ಆಕ್ಸ್‌ಫರ್ಡ್, ಬೊಲೋನ್ಯ, ಸಲಮಾಂಕ ವಿಶ್ವವಿದ್ಯಾನಿಲಯಗಳಲ್ಲಿ ಅರಬ್ಬಿಯೂ ಸೇರಿದಂತೆ ಪೂರ್ವದ ಭಾಷೆಗಳನ್ನು ಕಲಿಸಬೇಕೆಂದು ವಿಧಿಸಿತು. ಸಂತ ತೋಮಾಸ್ ಅಕ್ವಿನಾಸರಂತೂ ಇಬ್ನ್ ಸೀನಾ, ಇಬ್ನ್ ರುಶ್ದ್ ಎಂಬ ಮುಸ್ಲಿಂ ತತ್ತ್ವಜ್ಞಾನಿಗಳನ್ನು ಆಳವಾಗಿ ಓದಿ, ಒಪ್ಪುವಲ್ಲಿ ಒಪ್ಪಿ, ಅಲ್ಲಗಳೆಯುವಲ್ಲಿ ಅಲ್ಲಗಳೆದರು. ಅದರಿಂದ ಅವರ ವಿಶ್ವಾಸ ಸಡಿಲವಾಗಲಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಇನ್ನೂ ಮುಂದೆ ಹೋಯಿತು. 1965ರ ಅಕ್ಟೋಬರ್ 28ರಂದು ಹೊರಬಂದ 'ನೊಸ್ತ್ರಾ ಎತಾತೆ' ಘೋಷಣೆ, ಏಕದೇವರನ್ನು ಆರಾಧಿಸುವ ಮುಸಲ್ಮಾನರನ್ನು ಶ್ರೀಸಭೆ ಗೌರವದಿಂದ ಕಾಣುತ್ತದೆಂದು ಸಾರಿತು. ಹಿಂದಿನ ಕಲಹಗಳನ್ನು ಮರೆತು, ಪರಸ್ಪರ ಅರಿಯಲು ಶ್ರಮಿಸುವಂತೆ ಕರೆಕೊಟ್ಟಿತು. ಅರಿಯುವುದಕ್ಕೆ ಶ್ರಮ ಬೇಕು. ಆಫ್ರಿಕಾದ ಮಿಷನರಿ ಗುರುಗಳು 1926ರಲ್ಲಿ ತ್ಯೂನಿಸ್‌ನಲ್ಲಿ ಆರಂಭಿಸಿದ ಅಧ್ಯಯನ ಕೇಂದ್ರವೇ ಬೆಳೆದು, 1964ರಲ್ಲಿ ರೋಮಿಗೆ ಬಂದು, ಇಂದು ಅರಬ್ಬಿ ಮತ್ತು ಇಸ್ಲಾಂ ಅಧ್ಯಯನದ ಪೊಂತಿಫಿಕಲ್ ಸಂಸ್ಥೆಯಾಗಿದೆ. ನಮ್ಮ ದೇಶದಲ್ಲಿಯೇ, ಬಿಹಾರದಲ್ಲಿ ಸೇವೆ ಸಲ್ಲಿಸಿದ ಯೇಸುಸಭೆಯ ಗುರು ಪಾಲ್ ಜಾಕ್ಸನ್ ಅವರು ಪಾರಸಿ ಕಲಿತು, ಸೂಫಿ ಸಂತ ಶರಫುದ್ದೀನ್ ಮನೇರಿಯವರ ನೂರು ಪತ್ರಗಳನ್ನು ಇಂಗ್ಲಿಷಿಗೆ ತಂದರು. ಅದು 1980ರಲ್ಲಿ ಪ್ರಕಟವಾಯಿತು.

ಹಾಗಾದರೆ ಹೊರಗಿನವನು ಹೇಳಿದ್ದು ಸರಿ ಎಂದು ತಿಳಿಯುವುದು ಹೇಗೆ? ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಎಂಬ ಕ್ರೈಸ್ತ ವಿದ್ವಾಂಸರು 1952ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಇಸ್ಲಾಂ ಅಧ್ಯಯನ ಸಂಸ್ಥೆ ಕಟ್ಟಿದಾಗ, ಮುಸ್ಲಿಮರೂ ಇತರರೂ ಅಲ್ಲಿ ಜೊತೆಯಾಗಿ ಕಲಿಸಬೇಕು, ಕಲಿಯಬೇಕು ಎಂದು ಬಯಸಿದರು. ಒಂದು ಧರ್ಮದ ಬಗ್ಗೆ ನಾವು ಹೇಳುವುದನ್ನು ಆ ಧರ್ಮದವರು ಕೇಳಿ, 'ಹೌದು, ಇದು ನಮ್ಮ ವಿಶ್ವಾಸವೇ' ಎಂದು ಗುರುತಿಸುವಂತಿರಬೇಕು ಎಂಬುದು ಅವರ ವಾದ.

ಈ ಅಳತೆಗೋಲಿಗೆ ಮಿತಿಯಿದೆ. ಸುನ್ನಿಗಳು ಒಪ್ಪಿದ್ದನ್ನು ಶಿಯಾಗಳು ಒಪ್ಪದಿರಬಹುದು. ಇತಿಹಾಸಕಾರನು ಆಧಾರ ಸಹಿತ ಹೇಳಿದ್ದು ಭಕ್ತರಿಗೆ ರುಚಿಸದಿರಬಹುದು. ಆಗ ಅವನು ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಆದರೆ 'ಮುಸಲ್ಮಾನರು ನಂಬುವುದು ಇದು' ಎಂದು ಹೇಳುವಾಗ ಈ ನಿಯಮ ಪೂರ್ಣವಾಗಿ ಅನ್ವಯಿಸುತ್ತದೆ. ಹಿಂದೆ ಆಂಗ್ಲ ಲೇಖಕರು ಆ ಧರ್ಮವನ್ನು 'ಮಹಮ್ಮದೀಯ ಧರ್ಮ' ಎಂದು ಕರೆಯುತ್ತಿದ್ದರು. ನಾವು ಕ್ರಿಸ್ತರನ್ನು ಆರಾಧಿಸುವಂತೆ ಅವರು ಮುಹಮ್ಮದರನ್ನು ಆರಾಧಿಸುತ್ತಾರೆಂಬ ಅರ್ಥ ಅದರಿಂದ ಬರುತ್ತದೆ. ಇದು ಸುಳ್ಳು. ಹೇಳಿದವನಿಗೆ ದ್ವೇಷವಿರದಿದ್ದರೂ ಸುಳ್ಳೇ.

ಎಂಟನೆಯ ಆಜ್ಞೆ ಇಲ್ಲಿಯೇ ನಮ್ಮನ್ನು ಹಿಡಿಯುತ್ತದೆ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನ್ಯಾಯಾಲಯಕ್ಕೆ ಮಾತ್ರ ಸೀಮಿತವಲ್ಲ. ಅಧ್ಯಾಪಕನ ವೇದಿಕೆಗೂ ಮನೆಯ ಊಟದ ಮೇಜಿಗೂ ಸಲ್ಲುತ್ತದೆ. ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಕ್ರೈಸ್ತ ಅಧ್ಯಯನ ಪೀಠಗಳಿವೆ. ಯಾರಾದರೂ ಅಲ್ಲಿ ನಿಂತು 'ಕ್ರೈಸ್ತರು ಮೂರು ದೇವರುಗಳನ್ನು ಪೂಜಿಸುತ್ತಾರೆ' ಎಂದು ಕಲಿಸಿದರೆ ನಮಗೆ ನೋವಾಗದೇ? ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕೆಂದು ಯೇಸುಸ್ವಾಮಿ ಬೋಧಿಸಿದ್ದಾರೆ.

ಇಷ್ಟರಿಂದ 'ಎಲ್ಲವೂ ಒಂದೇ' ಎಂದಾಗುವುದಿಲ್ಲ. ಕುರಾನಿನಲ್ಲಿ ಹೆಸರಿಟ್ಟು ಕರೆದಿರುವ ಏಕೈಕ ಸ್ತ್ರೀ ಮಾತೆ ಮರಿಯ. ಒಂದು ಅಧ್ಯಾಯಕ್ಕೆ ಆಕೆಯದೇ ಹೆಸರು. ಯೇಸುವನ್ನು ಅವರು ಪ್ರವಾದಿಯೆಂದು ಗೌರವಿಸುತ್ತಾರೆ. ಆದರೆ ದೇವಪುತ್ರರೆಂದು ಒಪ್ಪುವುದಿಲ್ಲ, ಶಿಲುಬೆಯ ಮರಣವನ್ನೂ ಒಪ್ಪುವುದಿಲ್ಲ. ನಮ್ಮ ರಕ್ಷಣೆ ನಿಂತಿರುವುದೇ ಆ ಶಿಲುಬೆಯ ಮೇಲೆ. ಈ ಅಂತರವನ್ನು ಮುಚ್ಚಿಡುವುದೂ ಸುಳ್ಳುಸಾಕ್ಷಿಯೇ. ಅದು ಅವರಿಗೂ ಅಪಚಾರ, ನಮಗೂ ಅಪಚಾರ.

ಆದುದರಿಂದ ತಂದೆತಾಯಂದಿರೇ, ಮಗಳನ್ನು ತಡೆಯಬೇಡಿ. ಆದರೆ ಅವಳಿಗೆ ತನ್ನ ವಿಶ್ವಾಸವೇ ಸರಿಯಾಗಿ ಗೊತ್ತಿಲ್ಲದಿದ್ದರೆ, ಆ ಕೊರತೆಯನ್ನು ತುಂಬಬೇಕಾದದ್ದು ಮನೆಯಲ್ಲಿ ಮತ್ತು ಧರ್ಮಕೇಂದ್ರದಲ್ಲಿ. ಅದಕ್ಕಾಗಿ ಇಸ್ಲಾಂ ತರಗತಿಯನ್ನು ದೂರುವುದು ನ್ಯಾಯವಲ್ಲ. ಅವಳು ಕಲಿತು ಬಂದದ್ದನ್ನು ಸಂಜೆಯ ಪ್ರಾರ್ಥನೆಯ ಬಳಿಕ ಕೇಳಿ ತಿಳಿಯಿರಿ. 'ತ್ರಿತ್ವ ಎಂದರೇನು?' ಎಂದು ಸಹಪಾಠಿ ಕೇಳಿದ್ದಾನೆಂದು ಅವಳು ಹೇಳಿದರೆ, ಒಟ್ಟಿಗೆ ಕುಳಿತು ಉತ್ತರ ಹುಡುಕಿ. ಬಸ್ಸಿನಲ್ಲೋ ಮೊಬೈಲಿನಲ್ಲೋ ನೆರೆಯವರ ಧರ್ಮದ ಬಗ್ಗೆ ಬಂದ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ, ಅದನ್ನು ಒಬ್ಬ ಮುಸ್ಲಿಂ ನೆರೆಯವರ ಎದುರಿಗೆ ಹೇಳಬಲ್ಲೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಸತ್ಯವೇ ಆಗಿರುವ ಪ್ರಭು ನಮ್ಮೆಲ್ಲರ ನಾಲಿಗೆಯನ್ನು ಕಾಯಲಿ.