ಮೊದಲು ಲಿವರ್ ನೋಡಲಿ, ತಂದೆ

ಸಿಂಗಟಾಲೂರ ವೀರಭದ್ರಾ, ಅನ್ನನಾಳದಲ್ಲಿ ಕ್ಯಾನ್ಸರ್ ಗಂಟು ಎದ್ದು, ಲಿವರೂ ಮೊದಲೇ ಕೆಟ್ಟು ಕೂತವರ ಪರವಾಗಿ ಹಮ್ಮಿಗಿಯಿಂದ ಬಂದಿದ್ದೇನೆ. ರೊಟ್ಟಿ ಇಳಿಯುವುದಿಲ್ಲ, ಆಮೇಲೆ ಅನ್ನ, ಆಮೇಲೆ ನುಚ್ಚೂ ಇಳಿಯುವುದಿಲ್ಲ. ಅಷ್ಟರಲ್ಲಿ ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು. ಸೆರೆಯೂ ತಂಬಾಕೂ ಕೂಡಿದಲ್ಲಿ ಈ ಜೋಡಿ ಅಪರೂಪವೇನಲ್ಲ. ಆದರೂ ‘ಮಾಡಿದ್ದುಣ್ಣಲಿ’ ಅನ್ನುವವರ ಬಾಯಿ ಮುಚ್ಚಿಸು. ಉಣ್ಣಲಾರದವನ ಮುಂದೆ ಆಡುವ ಮಾತೇ ಅದು?

ಬ್ಯಾರೇಜಿನ ಗೇಟು ಇಳಿಸಿದರೆ ಹೊಳೆ ಏನು ಮಾಡುತ್ತದೆಂದು ನಮ್ಮೂರವರಿಗೆ ಗೊತ್ತು: ಹಿನ್ನೀರು ಸಿಕ್ಕ ಹಳ್ಳ ಹಿಡಿದು ಏರುತ್ತದೆ. ಗಟ್ಟಿಯಾದ ಲಿವರಿನ ಮುಂದೆ ತಡೆದ ರಕ್ತವೂ ಹಾಗೇ ಅನ್ನನಾಳದ ಕೆಳತುದಿಯ ಸಣ್ಣ ನರಗಳಿಗೆ ನುಗ್ಗಿ ಉಬ್ಬಿಸುತ್ತದೆ. ಗಂಟು ಇರುವ ನಾಳದಲ್ಲೇ ಒಡೆಯಲು ಕಾದ ನರ! ಸ್ಕೋಪು ಹಾಕುವ ಕೈ ಅದನ್ನು ಮೊದಲು ಕಾಣಲಿ, ಬೇಕಾದರೆ ರಬ್ಬರ್ ಬ್ಯಾಂಡ್ ಬಿಗಿಯಲಿ.

ಲಿವರ್ ಎಷ್ಟು ಸೋತಿದೆಯೆಂದು ಲೆಕ್ಕ ಹಾಕುವ ತಾಳ್ಮೆಯನ್ನು ಡಾಕ್ಟರಿಗೆ ಕೊಡು. ಇಂಥ ನರ ಒಡೆದು ರಕ್ತ ಕಾರುವವರ ಅನ್ನನಾಳಕ್ಕೆ ಆಪರೇಷನ್ ಮಾಡುತ್ತಿದ್ದ ಲಂಡನ್ನಿನ ಪ್ಯೂ ಮತ್ತು ಸಂಗಡಿಗರು 1973ರಲ್ಲಿ ಒಂದು ಅಂಕಪಟ್ಟಿ ಕೊಟ್ಟರು: ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಹೊತ್ತು, ಹೊಟ್ಟೆಯ ನೀರು, ಮಿದುಳಿಗೆ ಕವಿದ ಮಂಕು. 5-6 ಬಂದರೆ ಎ, 7ರಿಂದ 9 ಬಿ, 10 ಮುಟ್ಟಿದರೆ ಸಿ. ಚೈಲ್ಡ್-ಪ್ಯೂ ಹೆಸರಿನ ಆ ಪಟ್ಟಿ ಇಂದಿಗೂ ನಡೆಯುತ್ತಿದೆ. ಎ ಇದ್ದವನಿಗೆ ಆಪರೇಷನ್ ಮಾತು ಎತ್ತಬಹುದು, ಅದೂ ಅಳೆದು ಸುರಿದು. ಸಿ ಇದ್ದವನ ಎದೆ ತೆರೆಯುವುದನ್ನು ಧೈರ್ಯವೆಂದು ನಾನು ಕರೆಯಲಾರೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕಿಮೋ ಔಷಧವನ್ನು ಮೈಯಿಂದ ಕಳೆಯುವುದೇ ಲಿವರ್. ಅದು ಸೋತಾಗ ವಾಡಿಕೆಯ ಡೋಸೇ ವಿಷವಾದೀತು. ಮೇಲ್ಪದರದಲ್ಲೇ ಸಿಕ್ಕ ಗಂಟನ್ನು ಸ್ಕೋಪಿನಿಂದ ಸುಲಿದು ತೆಗೆಯಬಹುದು. ತಡವಾದವನಿಗೆ ಬರೇ ರೇಡಿಯೇಷನ್ ಕರೆಂಟು, ಇಲ್ಲವೆ ದಾರಿ ತೆರೆಯುವ ಸ್ಟೆಂಟು. ತಡವಾಗಿ ಬರುವವರೇ ಹೆಚ್ಚು, ನಿನಗೆ ಗೊತ್ತು.

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೊರಟವರ ಚೀಲದಲ್ಲಿ ಲಿವರಿನ ರಿಪೋರ್ಟೂ ಇರಲಿ. ಕ್ಯಾನ್ಸರ್ ಡಾಕ್ಟರೂ ಲಿವರ್ ಡಾಕ್ಟರೂ ಕೂಡಿ ಕೂತು ನೋಡಲಿ. ಮಗನೊಬ್ಬನನ್ನೇ ಒಳಗೆ ಕರೆದು ಮೆಲ್ಲಗೆ ಹೇಳಿ, ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವುದು ಬೇಡ. ವಾರಗಟ್ಟಲೆ ಕರೆಂಟು ತಗೊಳ್ಳುವುದೋ, ಸ್ಟೆಂಟು ಹಾಕಿಸಿಕೊಂಡು ಮನೆಯ ಗಂಜಿ ಕುಡಿಯುವುದೋ, ಅವನನ್ನೇ ಕೇಳಲಿ.