ಕಾಯೋರ ಕೂಲಿ

ಜಾಮ್ ಆದ ಬೋಲ್ಟಿನ ಮುಂದೆ ಎಷ್ಟು ದಿನ ತಾಳ್ಮೆ ತೋರಿಸಬೇಕು? ಹಳೇ ಕಾರು ರಿಪೇರಿಯ ಹುಚ್ಚಿರೋ ನನ್ನ ಬೆಂಗಳೂರು ಗೆಳೆಯರ ಹತ್ತಿರ ಇದಕ್ಕೆ ಒಂದೇ ಉತ್ತರ: ಬಿಡೋವರೆಗೂ. ಎಣ್ಣೆ ಹಾಕು, ಕಾಯಿ, ಮತ್ತೆ ಹಾಕು. ಕೊಯ್ದವನು ಕಟುಕ, ಒರಿಜಿನಲ್ ಉಳಿಸಿದವನು ಸಂತ. ಕೇಳೋಕೆ ಚೆನ್ನಾಗೇ ಇದೆ. ಆದರೆ ಈ ಉತ್ತರದಲ್ಲಿ ಗಾಡಿ ಕೆಳಗೆ ಮಲಗಿರೋ ಮನುಷ್ಯ ಎಲ್ಲೂ ಕಾಣೋದಿಲ್ಲ.

ನಮ್ಮದು ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂದು, 1974ರಿಂದ ಪದ್ಮಿನಿ ಅನ್ನಿಸಿಕೊಂಡ, ಮುಂಬೈನ ಕುರ್ಲಾದಲ್ಲಿ ತಯಾರಾಗ್ತಿದ್ದ ಗಾಡಿ. ಕಾಕಾ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಆಮೇಲೆ ಕುಂಚಾವರಂನಲ್ಲಿ ದನದ ಕೊಟ್ಟಿಗೆ ಪಕ್ಕ ಹದಿನಾಲ್ಕು ಮಳೆಗಾಲ ನಿಂತೇ ಇತ್ತು. ಊರು ಗೊತ್ತಿಲ್ಲದವರಿಗೆ: ಚಿಂಚೋಳಿ ತಾಲ್ಲೂಕು, ತೆಲಂಗಾಣದ ಗಡಿ, ಸುತ್ತ ಕಾಡು. ಸೇಡಂ ಕಡೆಯ ಎರೆಹೊಲ ಮುಗಿದು ಕೆಂಪು ಮಣ್ಣು ಶುರುವಾಗೋ ಜಾಗ. ಚಕ್ರದ ಸಂದಿಯಲ್ಲಿ ಮೆತ್ತಿದ ಆ ಮಣ್ಣು ಮಳೆ ನಿಂತ ಮೇಲೂ ಎಷ್ಟೋ ದಿನ ಹಸಿ ಆರೋದಿಲ್ಲ. ಕಬ್ಬಿಣಕ್ಕೆ ಇನ್ನೇನು ಬೇಕು.

ಹಿಂದಿನ ಸಸ್ಪೆನ್ಷನ್ ಕಮಾನುಪಟ್ಟಿಯದು. ಪಟ್ಟಿಯ ತುದಿ ಸುರುಳಿ ಸುತ್ತಿ ಒಂದು ಕಣ್ಣಾಗುತ್ತೆ. ಕಣ್ಣೊಳಗೆ ರಬ್ಬರ್ ಬುಷ್, ಬುಷ್ ಒಳಗೆ ಉಕ್ಕಿನ ಕೊಳವೆ, ಕೊಳವೆಯೊಳಗೆ ಬೋಲ್ಟು. ಜಂಗು ಹಿಡಿಯೋದು ಈ ಕೊಳವೆಗೂ ಬೋಲ್ಟಿಗೂ ನಡುವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ, ಹಾಗಾಗಿ ಬೆಣೆ ಬಡಿದ ಹಾಗೆ ಎರಡನ್ನೂ ಬಿಗಿದುಬಿಡುತ್ತೆ. ಸುತ್ತಿಗೆಯಿಂದ ಹೊಡೆದರೆ ಏಟನ್ನು ರಬ್ಬರ್ ನುಂಗುತ್ತೆ. ಪಾನಾ ಹಾಕಿ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗಿ, ರಬ್ಬರ್ ಹಿಂಡಿಕೊಂಡು, ಕೈ ಬಿಟ್ಟ ಕೂಡಲೇ ಮೊದಲಿದ್ದ ಜಾಗಕ್ಕೇ ವಾಪಸ್.

ಕಾಯಿಸಬಹುದಲ್ಲ ಅಂತೀರಿ. ಬೇರೆ ಕಡೆ ಆದರೆ ಅದೇ ಸರಿಯಾದ ದಾರಿ. 12 ಮಿ.ಮೀ. ತೂತಿನ ಉಕ್ಕನ್ನು 300 ಡಿಗ್ರಿ ಬಿಸಿ ಮಾಡಿದರೆ ತೂತು ಸುಮಾರು 0.04 ಮಿ.ಮೀ. ಅಗಲವಾಗುತ್ತೆ. ಕೂದಲೆಳೆಗಿಂತ ಕಮ್ಮಿ, ಆದರೂ ಜಂಗಿನ ಪಟ್ಟು ಬಿಡಿಸೋಕೆ ಅಷ್ಟು ಸಾಕಾಗುತ್ತೆ. ಇಲ್ಲಿ ಮಾತ್ರ ರಬ್ಬರ್ ಹತ್ತಿ ಉರಿಯುತ್ತೆ, ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಮೇಲಾಗಿ ಕಮಾನುಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಅದರ ಹದ ಹೋಗಿ ಅದು ಸ್ಪ್ರಿಂಗೇ ಅಲ್ಲ ಅನ್ನೋ ಹಾಗಾಗುತ್ತೆ. ಉಳಿಯೋದು ಎಣ್ಣೆ ಮತ್ತು ಕಾಯೋದು. ಇಲ್ಲ ಅಂದರೆ ಗರಗಸ.

ಚಿಂಚೋಳಿಯ ಮಿಸ್ತ್ರಿ ಮೂರು ಬೋಲ್ಟು ಬಿಡಿಸಿದರು. ಬಿಚ್ಚೋ ಮೊದಲು ತುಸು ಬಿಗಿಮಾಡಿ ನೋಡೋದು, ಆ ಕಡೆ ಕಾಲು ಸುತ್ತು, ಈ ಕಡೆ ಕಾಲು ಸುತ್ತು. ಹಳೇ ಕೈ. ನಾಲ್ಕನೆಯದು ಅಲುಗಲಿಲ್ಲ. "ಇದು ಬರಂಗಿಲ್ಲ, ಕೊಯ್ತೀನಿ" ಅಂದರು. ಕಾಕಾ ಬಿಡಲಿಲ್ಲ: "ಕಂಪನಿ ಮಾಲ್ ಅದ. ಇನ್ನೊಂದು ಎಂಟು ದಿನ ಎಣ್ಣಿ ಹಾಕ್ರಿ." ಮಿಸ್ತ್ರಿ ನನ್ನ ಕಡೆ ತಿರುಗಿ ಅಂದರು: "ತಮ್ಮಾ, ಅದು ನಿಮಗ ತಾಳ್ಮಿ. ನನಗ ಖಾಲಿ ಕೂಡೋದು."

ಆ ಮಾತು ಕೇಳಿ ನನಗೆ ನೆನಪಾಗಿದ್ದು ನನ್ನದೇ ಕೆಲಸ. ಬಿಲ್ಡ್ ಓಡ್ತಾ ಇರುವಾಗ ನಾನು ಕಾಫಿ ಕುಡೀತಾ ಕೂರ್ತೀನಿ, ಆ ನಲವತ್ತು ನಿಮಿಷಕ್ಕೂ ಸಂಬಳ ಬರುತ್ತೆ. ಮಿಸ್ತ್ರಿಯದು ಗುತ್ತಿಗೆ ಕೆಲಸ, ಇಡೀ ಗಾಡಿಗೆ ಇಷ್ಟು ಅಂತ. ಎಣ್ಣೆ ಇಳಿಯೋ ಎಂಟು ದಿನ ಅವರ ಗ್ಯಾರೇಜಿನ ಅರ್ಧ ಜಾಗ ನಮ್ಮ ಗಾಡಿಗೆ, ಅವರ ಕೈಗೆ ಒಂದು ಪೈಸೆ ಇಲ್ಲ. ತಾಳ್ಮೆ ಅಂತ ನಾವು ಹೊಗಳ್ತಾ ಇರೋದು ಬಹಳ ಸಲ ಇನ್ನೊಬ್ಬರ ಜೇಬಿನಿಂದ ಖರ್ಚಾಗ್ತಿರೋ ದಿನಗಳನ್ನ.

ಬರೀ ದಿನಗಳೂ ಅಲ್ಲ. ಪಾನಾಕ್ಕೆ ಉದ್ದ ಪೈಪ್ ಸಿಗಿಸಿ ಎಳೀತಾ ಇದ್ದವನು ಇಪ್ಪತ್ತು ವರ್ಷದ ಒಬ್ಬ ಹುಡುಗ, ಅಂಗಾತ ಮಲಗಿ, ಕಣ್ಣಿಗೆ ಜಂಗು ಉದುರಿಸಿಕೊಳ್ತಾ. ಗಾಡಿ ನಿಂತಿದ್ದು ಜ್ಯಾಕ್ ಮೇಲೆ, ಆಸರೆಗೆ ಪೇರಿಸಿದ ಶಹಾಬಾದ್ ಫರಸಿ. ನಮ್ಮ ಕಡೆ ಫರಸಿಗೇನು ಬರ! ನೆಲಕ್ಕೆ ಹಾಸೋಕೆ ಅದರಷ್ಟು ಚಲೋ ಕಲ್ಲಿಲ್ಲ. ಗಾಡಿ ಹೊರೋಕೆ ಅಲ್ಲ, ಪದರ ಪದರ ಬಿರಿಯುತ್ತೆ. ಪ್ರತಿ ಜಗ್ಗಿಗೂ ಗಾಡಿ ಅಲುಗಾಡ್ತಿತ್ತು.

ಥೀಸಿಯಸ್‌ನ ಹಡಗಿನ ಕಥೆ ನಿಮಗೆ ಗೊತ್ತಿರಬಹುದು. ಪ್ಲುಟಾರ್ಕ್ ಬರೆದಿಟ್ಟ ಪ್ರಕಾರ ಅಥೆನ್ಸಿನ ಜನ ಕೊಳೆತ ಹಲಗೆ ತೆಗೆದು ಹೊಸದು ಕೂರಿಸ್ತಾ ಹೋದರು. ಇದು ಅದೇ ಹಡಗಾ, ಬೇರೇನಾ ಅಂತ ತತ್ವಜ್ಞಾನಿಗಳಿಗೆ ಜಗಳ. ಹಳೇ ಕಾರಿನವರು ಈ ಕಥೆಯನ್ನ ಬಾಯಿಪಾಠ ಹೇಳ್ತಾರೆ. ಆ ಜಗಳದಲ್ಲಿ ಹಲಗೆ ಕಿತ್ತ ಬಡಗಿಯ ಮಾತೇ ಬರೋದಿಲ್ಲ. ನನಗೆ ಹಡಗಿನ ಗುರುತಿಗಿಂತ ಬಡಗಿಯ ಕೂಲಿ ಮೊದಲ ಪ್ರಶ್ನೆ ಅನ್ನಿಸುತ್ತೆ.

ಹಾಗಂತ ಕಾಕಾ ಬರೀ ಹಠಮಾರಿ ಅಲ್ಲ. ಅವನು ಆ ಗಾಡಿಯಲ್ಲಿ ಮೂರು ಮದುವೆಗೆ ಜನ ಒಯ್ದವನು, ಅದರ ಒಂದೊಂದು ಸದ್ದೂ ಗೊತ್ತು. ಅವನ ಅಂಜಿಕೆಗೆ ಆಧಾರವೂ ಇದೆ. ಗ್ರೈಂಡರ್ ಸ್ವಲ್ಪ ಜಾರಿದರೆ ಬಾಡಿಗೇ ಹತ್ತಿದ ಬ್ರ್ಯಾಕೆಟ್ ಹೋಗುತ್ತೆ, ಅದು ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಬೋಲ್ಟು ನಾಷ್ಟಾದ ದುಡ್ಡಿಗೆ ಸಿಗುತ್ತೆ, ಆದರೆ ಎಂಥದ್ದು? ತಲೆ ಮೇಲೆ 8.8 ಅಥವಾ 10.9 ಅಂತ ಅಚ್ಚು ಇಲ್ಲದ, ಗೇಟಿಗೆ ಹಾಕೋ ಬೋಲ್ಟನ್ನ ಸಸ್ಪೆನ್ಷನ್ನಿಗೆ ಹಾಕಿದರೆ ಒಂದು ದಿನ ಘಾಟಿನಲ್ಲಿ ತುಂಡಾಗಬಹುದು. ಹಿಂದಿನ ಸೀಟಿನಲ್ಲಿ ಯಾರ ಮಗು ಕೂತಿರುತ್ತೋ. ಕೊಯ್ಯೋದೂ ಸುಲಭದ ತೀರ್ಮಾನ ಏನಲ್ಲ.

ಕೊನೆಗೆ ಒಂದು ಒಪ್ಪಂದ ಆಯ್ತು. ಕೆಲಸ ಇದ್ದರೂ ಇಲ್ಲದಿದ್ದರೂ ದಿನಗೂಲಿ, ಎಣ್ಣೆ ನೆನೆಯೋ ದಿನಕ್ಕೂ. ಕಬ್ಬಿಣದ ಸ್ಟ್ಯಾಂಡು, ಹುಡುಗನಿಗೆ ಕಣ್ಣಿನ ಕವಚ, ಎರಡೂ ನನ್ನ ಖರ್ಚು. ಕಾಯೋದು ಮೂರು ದಿನ. ಆಮೇಲೆ ಕೊಯ್ಯಬೇಕೋ ಬೇಡವೋ ಅಂತ ಹೇಳೋದು ಮಿಸ್ತ್ರಿ, ನಾನೂ ಅಲ್ಲ, ಕಾಕಾನೂ ಅಲ್ಲ. ಕಾಕಾಗೆ ಇದು ಹಿಡಿಸಲಿಲ್ಲ. "ಎಣ್ಣಿ ನೆನಿಲಿಕ್ಕೂ ಪಗಾರೇನು?" ಅಂತ ಎರಡು ದಿನ ಗೊಣಗಿದ.

ಮೂರನೇ ದಿನ ಸಂಜೆ ಮಿಸ್ತ್ರಿ ಗ್ರೈಂಡರ್ ಮುಟ್ಟಲಿಲ್ಲ. ಬರೀ ಗರಗಸದ ಬ್ಲೇಡನ್ನ ಬ್ರ್ಯಾಕೆಟ್ಟಿಗೂ ಬುಷ್‌ಗೂ ನಡುವಿನ ಸಂದಿಯಲ್ಲಿ ತೂರಿಸಿ ಎರಡೂ ಕಡೆ ಕೊಯ್ದರು. ಎರಡೂವರೆ ತಾಸು. ಬ್ರ್ಯಾಕೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಕಾಕಾ ಬೆರಳಾಡಿಸಿ ನೋಡಿ ಏನೂ ಅನ್ನಲಿಲ್ಲ, ಚಹಾ ತರಿಸಿದ.

ಮುಂದಿನ ಸಸ್ಪೆನ್ಷನ್ ಬಾಕಿ ಇದೆ. ಅದು ಕಾಯಿಲ್ ಸ್ಪ್ರಿಂಗು, ಅದುಮಿ ಕೂರಿಸಿರೋದು. ಬೋಲ್ಟು ಬಿಟ್ಟ ಗಳಿಗೆ ಗುಂಡಿನ ಹಾಗೆ ಹಾರಬಹುದು. ಸ್ಪ್ರಿಂಗ್ ಹಿಡಿಯೋ ಕಂಪ್ರೆಸರ್ ಬೇಕು ಅಂದಿದ್ದಾರೆ ಮಿಸ್ತ್ರಿ. ಬೆಂಗಳೂರಿನಿಂದ ನಾನು ತಗೊಂಡು ಹೋಗೋವರೆಗೆ ಆ ಕಡೆ ಯಾರೂ ಕೈ ಹಾಕೋದಿಲ್ಲ, ಕೂಲಿ ಮಾತ್ರ ನಡೀತಾ ಇರುತ್ತೆ.